ವಾಚನಾಲಯದ ಪುಸ್ತಕಪಟ್ಟಿಗೊಂದು ಎಪಿಐ: ಫಾಸ್ಟ್‌ಎಪಿಐಯಲ್ಲಿ ಕಟ್ಟಿ ಕನ್ನಡದಲ್ಲಿ ದಾಖಲಿಸಿದ ಬಗೆ

ಒಂದು ಸಣ್ಣ ವಾಚನಾಲಯದ ಪುಸ್ತಕಪಟ್ಟಿಯನ್ನು ಹುಡುಕಲು ವೆಬ್ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ದಾರಿ) ಕಟ್ಟಿ, ಅದರ ಬಳಕೆಯ ದಾಖಲೆಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಒದಗಿಸಿದ ಕೆಲಸದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪಟ್ಟಿಯಲ್ಲಿರುವ ಪುಸ್ತಕಗಳು ಬಹುಪಾಲು ಕನ್ನಡದವು. ಎಪಿಐಯನ್ನು ಬಳಸುವವರು ವಾಚನಾಲಯದ ಸ್ವಯಂಸೇವಕರು ಮತ್ತು ಶಾಲಾ ಮಕ್ಕಳಿಗಾಗಿ ಮೊಬೈಲ್ ಆ್ಯಪ್ ಸಿದ್ಧಪಡಿಸುತ್ತಿರುವ ಕೆಲವು ಶಿಕ್ಷಕರು; ಪ್ರೋಗ್ರಾಂ ಬರೆಯುವುದನ್ನು ತಾವಾಗಿಯೇ ಕಲಿತವರು, ಕನ್ನಡದಲ್ಲಿ ಓದಿ ಬರೆದು ರೂಢಿಯಿರುವವರು. ಅವರ ಮುಂದೆ ಇಂಗ್ಲಿಷ್ ದಾಖಲೆಯನ್ನಿಟ್ಟು, ಇದನ್ನು ಓದಿಕೊಂಡು ಕನ್ನಡ ಪುಸ್ತಕಗಳನ್ನು ಹುಡುಕಿ ಎಂದು ಹೇಳುವುದು ನನಗೆ ಸರಿಕಾಣಲಿಲ್ಲ.

ಪೈಥಾನ್ ಭಾಷೆಯಲ್ಲಿ ಇಂಥ ಕೆಲಸಕ್ಕೆ ಜ್ಯಾಂಗೊ, ಫ್ಲಾಸ್ಕ್, ಫಾಸ್ಟ್‌ಎಪಿಐ ಮೂರೂ ಒದಗುತ್ತವೆ. ದಾಖಲೆಯ ದೃಷ್ಟಿಯಿಂದಲೇ ನಾನು ಮೂರನೆಯದನ್ನು ಆರಿಸಿಕೊಂಡೆ. ಸೆಬಾಸ್ಟಿಯನ್ ರಮೀರೆಸ್ ಅವರು 2018ರ ಡಿಸೆಂಬರಿನಲ್ಲಿ ಹೊರತಂದ ಈ ಫ್ರೇಮ್‌ವರ್ಕ್ (ವೆಬ್ ಪ್ರೋಗ್ರಾಂ ಕಟ್ಟಲು ಒದಗುವ ಸಿದ್ಧ ಚೌಕಟ್ಟು), ವೆಬ್ ವ್ಯವಹಾರಕ್ಕೆ ಸ್ಟಾರ್ಲೆಟ್ ಅನ್ನೂ ಮಾಹಿತಿಯ ತಪಾಸಣೆಗೆ ಪೈಡ್ಯಾಂಟಿಕ್ ಅನ್ನೂ ನೆಚ್ಚಿಕೊಂಡಿದೆ. ನಾವು ಬರೆಯುವ ಟೈಪ್ ಘೋಷಣೆಗಳನ್ನೇ ಓದಿ ಅದು ಒಳಬರುವ ಮಾಹಿತಿಯನ್ನು ತಪಾಸಿಸುತ್ತದೆ. ಅವೇ ಘೋಷಣೆಗಳಿಂದ ಓಪನ್‌ಎಪಿಐ ಮಾದರಿಯ ಸ್ಕೀಮಾ ಒಂದನ್ನು, ಅಂದರೆ ಎಪಿಐಯ ರಚನೆಯ ವಿವರಪಟ್ಟಿಯನ್ನು, ತಾನೇ ಸಿದ್ಧಪಡಿಸುತ್ತದೆ. ಆ ಸ್ಕೀಮಾವನ್ನು ಸ್ವ್ಯಾಗರ್ ಯುಐ ಮತ್ತು ರೀಡಾಕ್ ಎಂಬ ಎರಡು ಪುಟಗಳು ಬ್ರೌಸರಿನಲ್ಲಿ ಓದಲು ಬರುವಂತೆ ತೋರಿಸುತ್ತವೆ. ಸ್ವ್ಯಾಗರ್ ಎಂಬ ಹೆಸರಿನಲ್ಲಿದ್ದ ಈ ಸ್ಕೀಮಾದ ನಿಯಮಾವಳಿ 2015ರಲ್ಲಿ ಲಿನಕ್ಸ್ ಫೌಂಡೇಶನ್‌ನ ಆಶ್ರಯಕ್ಕೆ ಬಂದು ಓಪನ್‌ಎಪಿಐ ಆಯಿತು. ಪುಟಕ್ಕೆ ಮಾತ್ರ ಹಳೆಯ ಹೆಸರೇ ಉಳಿದಿದೆ. ನಮ್ಮ ಕೆಲಸಕ್ಕೆ ಇದರಿಂದ ಹೊರಟ ಅರ್ಥ ಇಷ್ಟು: ದಾಖಲೆ ಕೋಡಿನ ಒಳಗೇ ಹುಟ್ಟುವುದಾದರೆ ಕನ್ನಡವೂ ಅಲ್ಲಿಯೇ, ಪ್ರತಿಯೊಂದು ಫೀಲ್ಡಿನ ಪಕ್ಕದಲ್ಲಿಯೇ ಇರಬೇಕು. ಕೋಡು ಮುಗಿದ ಮೇಲೆ ಯಾರೋ ಕೂತು ಅನುವಾದಿಸುವ ಕಡತಕ್ಕೆ ಅಲ್ಲಿ ಜಾಗವಿಲ್ಲ.

ಮಾಹಿತಿಯನ್ನು ಹಸನು ಮಾಡಿದ್ದು

ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಸಂಕೇತದಲ್ಲಿ, ಸ್ಪ್ರೆಡ್‌ಶೀಟ್ ಆಗಿ ಇತ್ತು. ಅದನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದೆವು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡರೂ ಎರಡು ಬಗೆಯ ತೊಡಕು ಒಳಗೆ ಉಳಿದಿರುತ್ತದೆ. ಮೊದಲನೆಯದು ಕೆಲವು ಸ್ವರಚಿಹ್ನೆಗಳದು. ಯೂನಿಕೋಡಿನಲ್ಲಿ ಈ, ಏ, ಐ, ಒ, ಓ ಇವುಗಳ ಗುಣಿತ ಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳ ಜೋಡಣೆಯಾಗಿಯೂ ಬರೆಯಬಹುದು. ಗುಡಿಸು ಕೊಟ್ಟು ಅದರ ಮುಂದೆ ದೀರ್ಘವನ್ನು ಬೇರೆಯಾಗಿ ಇಟ್ಟರೂ ಪರದೆಯ ಮೇಲೆ ‘ಕೀ’ ಎಂದೇ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಪದಗಳು. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಕ್ರಿಯೆಗೆ ಎನ್‌ಎಫ್‌ಸಿ (ಬಿಡಿ ಭಾಗಗಳನ್ನು ಕೂಡಿಸಿದ) ರೂಪವನ್ನು ಹೇಳಿದರೆ ಇವೆಲ್ಲವೂ ಒಂದೇ ರೂಪಕ್ಕೆ ಬರುತ್ತವೆ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಒತ್ತು ಸೇರದಂತೆ ತಡೆಯುವ ಶೂನ್ಯ ಅಗಲದ ನಾನ್‌ಜಾಯ್ನರ್ ಮತ್ತು ಅದರ ಜೊತೆಗಾರನಾದ ಜಾಯ್ನರ್ ಇವೆರಡನ್ನೂ ಎನ್‌ಎಫ್‌ಸಿ ಮುಟ್ಟುವುದಿಲ್ಲ. ಓದುಗರಿಗೆ ತೋರಿಸುವ ಶೀರ್ಷಿಕೆಯಲ್ಲಿ ಅವು ಇರಲೇಬೇಕು, ಹುಡುಕಾಟದಲ್ಲಿ ಇರಬಾರದು. ಆದ್ದರಿಂದ ಪ್ರತಿ ಶೀರ್ಷಿಕೆಗೂ ತೋರಿಸುವ ರೂಪ ಒಂದು, ಹುಡುಕುವ ರೂಪ ಇನ್ನೊಂದು ಎಂದು ಎರಡು ಕಾಲಂ ಮಾಡಿದೆ. ಬಳಕೆದಾರರು ಕಳುಹಿಸುವ ಪದವೂ ಇದೇ ಶುದ್ಧೀಕರಣದ ಮೂಲಕವೇ ಹಾದುಹೋಗುತ್ತದೆ.

ಲೇಖಕರ ಹೆಸರಿಗೆ ಬೇರೆಯೇ ಟೇಬಲ್ ಬೇಕಾಯಿತು. ಕನ್ನಡದಲ್ಲಿ ಕಾವ್ಯನಾಮದ ಪರಂಪರೆ ದೊಡ್ಡದು, ದ.ರಾ. ಬೇಂದ್ರೆ ಎಂದು ಹುಡುಕಿದವರಿಗೂ ಅಂಬಿಕಾತನಯದತ್ತ ಎಂದು ಹುಡುಕಿದವರಿಗೂ ಒಂದೇ ಲೇಖಕರು ಸಿಗಬೇಕು. ಒಬ್ಬ ಲೇಖಕರಿಗೆ ಎಷ್ಟು ಪರ್ಯಾಯ ಹೆಸರುಗಳಾದರೂ ಇರಲು ಈ ಟೇಬಲ್ ಅವಕಾಶ ಕೊಡುತ್ತದೆ. ಹೆಸರಿನ ಮುಂದಿನ ಅಕ್ಷರಗಳ ನಡುವಿನ ಚುಕ್ಕಿ ಮತ್ತು ಖಾಲಿ ಜಾಗಗಳನ್ನು ಹುಡುಕುವ ರೂಪದಲ್ಲಿ ತೆಗೆದುಹಾಕಲಾಗಿದೆ.

ಮಾದರಿಗಳನ್ನು ಬರೆದದ್ದು

ಪೈಡ್ಯಾಂಟಿಕ್ ಮಾದರಿಯಲ್ಲಿ, ಅಂದರೆ ಮಾಹಿತಿ ಹೇಗಿರಬೇಕೆಂದು ಹೇಳುವ ಘೋಷಣೆಯಲ್ಲಿ, ಪ್ರತಿ ಫೀಲ್ಡಿಗೂ ಟೈಪ್, ಮಿತಿ, ಶೀರ್ಷಿಕೆ, ವಿವರಣೆ, ಉದಾಹರಣೆ ಐದನ್ನೂ ಕೊಡುವುದೆಂದು ನಿಯಮ ಮಾಡಿಕೊಂಡೆ. ಫೀಲ್ಡು ಮತ್ತು ಫಂಕ್ಷನ್‌ಗಳ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟೆ. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪಿಕೊಳ್ಳುತ್ತದೆಯಾದರೂ, ಪ್ರತಿ ಎಂಡ್‌ಪಾಯಿಂಟಿಗೆ (ಕೋರಿಕೆ ಕಳುಹಿಸುವ ವಿಳಾಸಕ್ಕೆ) ಫಾಸ್ಟ್‌ಎಪಿಐ ಕಟ್ಟಿಕೊಡುವ ಆಪರೇಶನ್ ಐಡಿ ಎಂಬ ಗುರುತಿನಲ್ಲಿ ಗುಣಿತ ಚಿಹ್ನೆಗಳೂ ವಿರಾಮವೂ ಅನುಸ್ವಾರವೂ ಅಡಿಗೆರೆಗಳಾಗಿ ಬದಲಾಗುತ್ತವೆ. ಏಕೆಂದರೆ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ವಿನ್ಯಾಸವನ್ನು ಹೊಂದಿಸಿ ನೋಡುವ ಸಾಧನ) ಅವುಗಳನ್ನು ಪದದ ಅಕ್ಷರಗಳೆಂದು ಗಣಿಸುವುದಿಲ್ಲ. ಸ್ಕೀಮಾದಿಂದ ಆ್ಯಪಿನ ಕೋಡನ್ನು ತಾನಾಗಿಯೇ ತಯಾರಿಸುವ ಸಾಧನಗಳು ಈ ಐಡಿಯನ್ನೇ ನೆಚ್ಚಿಕೊಂಡಿರುತ್ತವೆ. ಹಾಗಾಗಿ ಹೆಸರು ಇಂಗ್ಲಿಷಿನಲ್ಲಿ, ಮನುಷ್ಯರು ಓದುವುದೆಲ್ಲ ಕನ್ನಡದಲ್ಲಿ ಎಂಬ ವಿಭಜನೆ. ಶೀರ್ಷಿಕೆಯನ್ನು ನಾವು ಕೊಡದಿದ್ದರೆ ಪೈಡ್ಯಾಂಟಿಕ್ ಫೀಲ್ಡಿನ ಇಂಗ್ಲಿಷ್ ಹೆಸರಿನಿಂದಲೇ ಒಂದನ್ನು ಕಟ್ಟಿಬಿಡುತ್ತದೆ. ಎಂಡ್‌ಪಾಯಿಂಟಿನ ಸಾರಾಂಶವನ್ನು ಕೊಡದಿದ್ದರೆ ಫಾಸ್ಟ್‌ಎಪಿಐ ಫಂಕ್ಷನ್ ಹೆಸರಿನಿಂದ ಕಟ್ಟುತ್ತದೆ. ಎರಡನ್ನೂ ಮರೆಯದೆ ಬರೆಯಬೇಕು.

ವರ್ಗೀಕರಣ ಸಂಖ್ಯೆಯ ಫೀಲ್ಡನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ವಾಚನಾಲಯದಲ್ಲಿ ಡ್ಯೂಯಿ ದಶಮಾಂಶ ಪದ್ಧತಿಯಿದೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ನೋಡಲು ದಶಮಾಂಶ ಸಂಖ್ಯೆಯಂತಿದ್ದರೂ ಇದನ್ನು ಸಂಖ್ಯೆಯಾಗಿ ಘೋಷಿಸುವಂತಿಲ್ಲ. ಗ್ರಂಥಾಲಯ ವಿಜ್ಞಾನದ 020 ಆಗ 20 ಆಗುತ್ತದೆ, ಪ್ರೋಗ್ರಾಮಿಂಗ್ ಭಾಷೆಗಳ 005.13 ಬರೀ 5.13 ಆಗುತ್ತದೆ, ಕಪಾಟಿನ ಮೇಲಿನ ಚೀಟಿಗೂ ಎಪಿಐ ಉತ್ತರಕ್ಕೂ ಹೊಂದಿಕೆ ತಪ್ಪುತ್ತದೆ. ಆದ್ದರಿಂದ ಅದು ಸ್ಟ್ರಿಂಗ್, ಅಂದರೆ ಬರೆದಂತೆಯೇ ಉಳಿಯುವ ಪಠ್ಯ. ಮೂರು ಅಂಕಿ, ಬೇಕಿದ್ದರೆ ಒಂದು ಚುಕ್ಕಿ, ಮುಂದೆ ಮತ್ತಷ್ಟು ಅಂಕಿ ಎಂಬ ಮಾದರಿಗೆ ಹೊಂದಬೇಕು. ಈ ಮಾದರಿಯನ್ನು ಬರೆಯುವಾಗ ಅಂಕಿಗೆ ರೂಢಿಯ ಹಿಂಬದಿಗೆರೆ-ಡಿ ಸಂಕೇತವನ್ನು ಬಳಸದೆ ಸೊನ್ನೆಯಿಂದ ಒಂಬತ್ತು ಎಂದು ಸ್ಪಷ್ಟವಾಗಿ ಬರೆದೆ. ಪೈಡ್ಯಾಂಟಿಕ್‌ನ ಎರಡನೆಯ ಆವೃತ್ತಿಯ ತಿರುಳು ರಸ್ಟ್ ಭಾಷೆಯಲ್ಲಿದೆ. ಅಲ್ಲಿ ಆ ಸಂಕೇತ ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ, ಆದರೆ ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಒಪ್ಪುವುದಿಲ್ಲ. ಒಂದೇ ಸ್ಕೀಮಾ ಎರಡು ಕಡೆ ಎರಡು ಅರ್ಥ ಕೊಡುವಂತಿದ್ದರೆ ಅದನ್ನು ದಾಖಲೆ ಎಂದು ಕರೆಯಲಾಗದು.

ಪ್ರಕಟವಾದ ವರ್ಷದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ನಿರ್ಧಾರ ತೆಗೆದುಕೊಂಡೆ. ಓದುಗರು ಮೊಬೈಲಿನ ಕನ್ನಡ ಕೀಲಿಮಣೆಯಿಂದ ೧೯೭೫ ಎಂದು ಟೈಪಿಸುವುದು ತೀರಾ ಸಹಜ. ಪೈಥಾನಿನ ಇಂಟ್ ಕ್ರಿಯೆ ಇದನ್ನು ಸರಿಯಾಗಿ 1975 ಎಂದೇ ಓದುತ್ತದೆ. ಆದರೆ ಪೈಡ್ಯಾಂಟಿಕ್ ಇದು ಪೂರ್ಣಾಂಕವಲ್ಲವೆನ್ನುತ್ತದೆ, ಕೋರಿಕೆ 422 ಎಂಬ ದೋಷ ಸಂಕೇತದೊಡನೆ ಹಿಂದಿರುಗುತ್ತದೆ. ತಪಾಸಣೆಗೆ ಮುನ್ನವೇ ಓಡುವ ಒಂದು ಚಿಕ್ಕ ವ್ಯಾಲಿಡೇಟರ್ ಬರೆದು, ಹತ್ತು ಕನ್ನಡ ಅಂಕಿಗಳನ್ನೂ ಅವಕ್ಕೆ ಸಮನಾದ ಅಂಕಿಗಳಿಗೆ ಬದಲಾಯಿಸಿದೆ. ಈ ಸೌಲಭ್ಯ ಇದೆಯೆಂದು ವಿವರಣೆಯಲ್ಲಿಯೂ ಬರೆದೆ, ಏಕೆಂದರೆ ಸ್ಕೀಮಾ ತಾನಾಗಿ ಹೇಳುವುದು ಪೂರ್ಣಾಂಕ ಎಂಬ ಒಂದೇ ಮಾತನ್ನು.

ಐಎಸ್‌ಬಿಎನ್ (ಪುಸ್ತಕಗಳ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಕಡ್ಡಾಯವಲ್ಲದ ಫೀಲ್ಡ್. ಆ ಪದ್ಧತಿಗಿಂತ ಹಳೆಯ ಕನ್ನಡ ಪುಸ್ತಕಗಳು ಕಪಾಟಿನಲ್ಲಿ ಬೇಕಾದಷ್ಟಿವೆ. 2007ಕ್ಕೆ ಮುಂಚಿನವುಗಳಲ್ಲಿ ಹತ್ತು ಅಂಕಿ, ನಂತರದವುಗಳಲ್ಲಿ ಹದಿಮೂರು. ಎರಡನ್ನೂ ಒಪ್ಪಿಕೊಂಡು ಕೊನೆಯ ತಾಳೆ ಅಂಕಿಯನ್ನು ಲೆಕ್ಕಹಾಕಿ ನೋಡಲಾಗುತ್ತದೆ. ಪುಸ್ತಕವನ್ನು ಗುರುತಿಸುವುದು ವಾಚನಾಲಯವೇ ಪ್ರತಿ ಪುಸ್ತಕಕ್ಕೆ ಕೊಡುವ ಪರಿಗ್ರಹಣ ಸಂಖ್ಯೆಯಿಂದಲೇ.

ಉತ್ತರದ ಮಾದರಿಯನ್ನು ಒಳಗಿನ ಮಾದರಿಯಿಂದ ಬೇರೆಯಾಗಿಟ್ಟದ್ದು ಅತಿ ಮುಖ್ಯವಾದ ಕೆಲಸ. ಡೇಟಾಬೇಸಿನಲ್ಲಿ ಪುಸ್ತಕ ಯಾರ ಬಳಿ ಇದೆ, ಅವರ ದೂರವಾಣಿ ಸಂಖ್ಯೆ ಯಾವುದು ಎಂಬುದೂ ಇರುತ್ತದೆ. ಫಂಕ್ಷನ್ ಹಿಂದಿರುಗಿಸುವ ಟೈಪನ್ನು ಘೋಷಿಸಿದರೆ, ಅದರಲ್ಲಿ ಹೆಸರಿಸದ ಯಾವ ಫೀಲ್ಡನ್ನೂ ಫಾಸ್ಟ್‌ಎಪಿಐ ಹೊರಗೆ ಬಿಡುವುದಿಲ್ಲ. ಹೊರಗಿನ ಮಾದರಿಯಲ್ಲಿ ‘ಲಭ್ಯವಿದೆ’ ಅಥವಾ ‘ಎರವಲು ಹೋಗಿದೆ’ ಎಂಬಷ್ಟೇ ಇದೆ. ಒಬ್ಬರು ಯಾವ ಪುಸ್ತಕ ಓದುತ್ತಿದ್ದಾರೆಂಬುದು ಅವರ ಸ್ವಂತ ವಿಷಯ. ಅದನ್ನು ಕಾಪಾಡುವ ಹೊಣೆ ಎಪಿಐ ಕಟ್ಟುವವರ ಮೇಲಿದೆ.

ಹುಡುಕಾಟ

ಡೇಟಾಬೇಸಿಗೆ ಎಸ್‌ಕ್ಯುಲೈಟ್ ಸಾಕಾಯಿತು; ಪೂರ್ಣಪಠ್ಯ ಹುಡುಕಾಟಕ್ಕೆ ಅದರ ಎಫ್‌ಟಿಎಸ್5 ವಿಸ್ತರಣೆ ಇದೆ. ಕನ್ನಡದ ಮಟ್ಟಿಗೆ ಇಲ್ಲೊಂದು ಆಳವಾದ ತೊಂದರೆ ಅಡಗಿದೆ. ಪಠ್ಯವನ್ನು ಪದಗಳಾಗಿ ಬಿಡಿಸುವ ಈ ವಿಸ್ತರಣೆಯ ಮೂಲ ಟೋಕನೈಸರ್ ಯೂನಿಕೋಡ್‌ನ ವರ್ಗಗಳನ್ನು ನೋಡಿ ಪದ ಎಲ್ಲಿ ಮುಗಿಯಿತೆಂದು ತೀರ್ಮಾನಿಸುತ್ತದೆ: ಅಕ್ಷರ, ಅಂಕಿ ಮತ್ತು ಖಾಸಗಿ ಬಳಕೆಯ ಸಂಕೇತಗಳು ಪದದ ಭಾಗ, ಮಿಕ್ಕಿದ್ದೆಲ್ಲ ಬಿಡುವು. ನಮ್ಮ ಗುಣಿತ ಚಿಹ್ನೆಗಳು, ವಿರಾಮ, ಅನುಸ್ವಾರ ಇವು ಯೂನಿಕೋಡಿನಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರಿವೆ. ಹೀಗಾಗಿ ‘ಕಾದಂಬರಿ’ ಎಂಬ ಪದ ಅದರ ಕೈಯಲ್ಲಿ ‘ಕ’, ‘ದ’, ‘ಬರ’ ಎಂಬ ಮೂರು ತುಂಡಾಗುತ್ತದೆ. ಬರಗಾಲದ ಬಗೆಗಿನ ಪುಸ್ತಕ ಬೇಕೆಂದು ‘ಬರ’ ಎಂದು ಹುಡುಕಿದರೆ ವಾಚನಾಲಯದ ಕಾದಂಬರಿಗಳೆಲ್ಲ ಎದುರು ನಿಲ್ಲುತ್ತವೆ. ‘ಕಾದಂಬರಿ’ ಎಂದೇ ಹುಡುಕಿದವರಿಗೆ ಇದು ಗೊತ್ತಾಗುವುದೂ ಇಲ್ಲ, ಏಕೆಂದರೆ ಹುಡುಕುವ ಪದವೂ ಅದೇ ರೀತಿ ತುಂಡಾಗಿ, ತುಂಡಿಗೆ ತುಂಡು ಹೊಂದಿ, ಫಲಿತಾಂಶ ಸರಿಯಿರುವಂತೆಯೇ ಕಾಣುತ್ತದೆ. ಕನ್ನಡಕ್ಕಷ್ಟೇ ಅಲ್ಲ, ಗುಣಿತವಿರುವ ಭಾರತೀಯ ಲಿಪಿಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ಪರಿಹಾರ ಟೋಕನೈಸರಿನ ಆಯ್ಕೆಗಳಲ್ಲಿಯೇ ಇದೆ. ಟೇಬಲ್ ಸೃಷ್ಟಿಸುವಾಗ ‘ಕ್ಯಾಟಗರೀಸ್’ ಎಂಬ ಆಯ್ಕೆಗೆ ಮೊದಲಿನ ವರ್ಗಗಳ ಜೊತೆ ಎರಡು ಬಗೆಯ ಮಾರ್ಕ್ ವರ್ಗಗಳನ್ನೂ ಸೇರಿಸಬೇಕು. ಒಂದರಲ್ಲಿ ‘ಾ’, ಅನುಸ್ವಾರ ಮೊದಲಾದ ಜಾಗ ತೆಗೆದುಕೊಳ್ಳುವ ಚಿಹ್ನೆಗಳಿವೆ, ಇನ್ನೊಂದರಲ್ಲಿ ‘ಿ’, ವಿರಾಮ ಮೊದಲಾದವು. ಒಂದನ್ನೇ ಸೇರಿಸಿದರೆ ಪದ ಅರ್ಧಂಬರ್ಧ ತುಂಡಾಗುತ್ತದೆ. ಈಗಾಗಲೇ ಇರುವ ಸೂಚಿಗೆ ಈ ಆಯ್ಕೆ ಹತ್ತುವುದಿಲ್ಲವಾದ್ದರಿಂದ ಟೇಬಲನ್ನು ಹೊಸದಾಗಿ ಕಟ್ಟಿದ್ದಾಯಿತು.

ಪದದ ರೂಪಗಳ ಸಮಸ್ಯೆ ಉಳಿಯಿತು. ‘ಬೆಂಗಳೂರು’ ಎಂದು ಹುಡುಕಿದವರಿಗೆ ‘ಬೆಂಗಳೂರಿನ’ ಎಂದು ಆರಂಭವಾಗುವ ಶೀರ್ಷಿಕೆಯೂ ಸಿಗಬೇಕು. ಪೂರ್ಣ ಪ್ರಮಾಣದ ರೂಪ ವಿಶ್ಲೇಷಣೆಗೆ ಕೈಹಾಕದೆ, ಪದದ ಕೊನೆಯ ‘ು’ ಕಾರವನ್ನು ಬಿಟ್ಟು ಮಿಕ್ಕಿದ್ದನ್ನು ಪೂರ್ವಭಾಗವಾಗಿ ಹುಡುಕುವ ಸರಳ ಉಪಾಯ ಮಾಡಿದೆ. ‘ಬೆಂಗಳೂರ’ ಎಂಬುದು ಎರಡಕ್ಕೂ ಹೊಂದುತ್ತದೆ. ಕೆಲವೊಮ್ಮೆ ಬೇಡದ ಪುಸ್ತಕವೂ ಬರುತ್ತದೆ. ಪುಸ್ತಕ ಹುಡುಕುವವರಿಗೆ ಒಂದೆರಡು ಹೆಚ್ಚು ಸಿಗುವುದು ಇರುವುದೇ ಸಿಗದಿರುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಅಕಾರಾದಿ ಜೋಡಣೆಗೂ ಗಮನ ಬೇಕು. ಎಸ್‌ಕ್ಯುಲೈಟ್ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡಿನಲ್ಲಿ ‘ಲ’ 3250, ‘ಳ’ 3251, ‘ವ’ 3253, ‘ಹ’ 3257. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಸಂಕೇತಸಂಖ್ಯೆಯಂತೆ ಜೋಡಿಸಿದರೆ ಬಲ, ಬಳಗ, ಬವಣೆ, ಬಸವ ಎಂದಾಗುತ್ತದೆ. ಆಗಬೇಕಾದದ್ದು ಬಲ, ಬವಣೆ, ಬಸವ, ಬಳಗ. ಜೋಡಣೆಗೆಂದೇ ಒಂದು ಕಾಲಂ ಇಟ್ಟು, ಅದರಲ್ಲಿ ‘ಳ’ ಇರುವಲ್ಲೆಲ್ಲ ಯೂನಿಕೋಡ್ ಯಾವ ಅಕ್ಷರಕ್ಕೂ ಕೊಡದ 3258ನೆಯ ಸಂಕೇತವನ್ನು ಹಾಕಿದೆ. ಅದು ‘ಹ’ಕಾರದ ನಂತರ, ಗುಣಿತ ಚಿಹ್ನೆಗಳಿಗಿಂತ ಮೊದಲು ಬೀಳುತ್ತದೆ. ಈ ಕಾಲಂ ಎಂದೂ ಹೊರಗೆ ಹೋಗುವುದಿಲ್ಲವಾದ್ದರಿಂದ ಬೇರೆ ತಂತ್ರಾಂಶಕ್ಕೆ ತೊಂದರೆಯಿಲ್ಲ.

ಎಂಡ್‌ಪಾಯಿಂಟುಗಳು ಮತ್ತು ದಾಖಲೆ

ಎಂಡ್‌ಪಾಯಿಂಟುಗಳು ಕೆಲವೇ: ಪುಸ್ತಕ ಹುಡುಕಲು, ಒಂದು ಪುಸ್ತಕದ ವಿವರಕ್ಕೆ, ಲೇಖಕರ ಪಟ್ಟಿಗೆ, ವಿಷಯಗಳ ಪಟ್ಟಿಗೆ. ಹುಡುಕುವ ದಾರಿಯನ್ನು ಪರಿಗ್ರಹಣ ಸಂಖ್ಯೆಯ ದಾರಿಗಿಂತ ಮೊದಲು ಘೋಷಿಸಬೇಕು. ಫಾಸ್ಟ್‌ಎಪಿಐ ಘೋಷಿಸಿದ ಕ್ರಮದಲ್ಲಿಯೇ ಹೊಂದಿಸಿ ನೋಡುವುದರಿಂದ, ಹಿಂದುಮುಂದಾದರೆ ಹುಡುಕು ಎಂಬ ಪದವನ್ನೇ ಪರಿಗ್ರಹಣ ಸಂಖ್ಯೆಯೆಂದು ಓದಲು ಹೊರಡುತ್ತದೆ. ಫಂಕ್ಷನ್‌ಗಳನ್ನು ಅಸಿಂಕ್ ಮಾಡದೆ ಸಾಮಾನ್ಯ ಡೆಫ್ ಆಗಿಯೇ ಬರೆದೆ, ಏಕೆಂದರೆ ಪೈಥಾನಿನ ಎಸ್‌ಕ್ಯುಲೈಟ್ ಮಾಡ್ಯೂಲ್ ಉತ್ತರ ಬರುವವರೆಗೆ ತಡೆದು ನಿಲ್ಲಿಸುತ್ತದೆ. ಸಾಮಾನ್ಯ ಫಂಕ್ಷನ್‌ಗಳನ್ನು ಫಾಸ್ಟ್‌ಎಪಿಐ ಬೇರೆ ಥ್ರೆಡ್‌ಗಳಲ್ಲಿ ಓಡಿಸುವುದರಿಂದ ಮಿಕ್ಕ ಕೋರಿಕೆಗಳು ಕಾಯಬೇಕಾಗಿಲ್ಲ.

ಹುಡುಕುವ ಪದ ಕನಿಷ್ಠ ಎರಡು ಅಕ್ಷರವಿರಬೇಕೆಂದು ಮಿತಿ ಹಾಕಿದಾಗ, ಯಾವ ಅಕ್ಷರ ಎಂಬ ಪ್ರಶ್ನೆ ಏಳುತ್ತದೆ. ‘ಕನ್ನಡ’ ಎಂಬುದು ನಮ್ಮ ಎಣಿಕೆಯಲ್ಲಿ ಮೂರು ಅಕ್ಷರ. ಪೈಥಾನಿನ ಎಣಿಕೆಯಲ್ಲಿ ಐದು, ಯುಟಿಎಫ್-8ರಲ್ಲಿ 15 ಬೈಟ್, ಯುಆರ್‌ಎಲ್‌ನಲ್ಲಿ ಶೇಕಡಾ ಚಿಹ್ನೆಗಳ ಸಮೇತ 45 ಅಕ್ಷರ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಪೈಥಾನಿಗೆ ಆರು. ಮಿತಿಯನ್ನು ಪೈಥಾನಿನ ಎಣಿಕೆಯಲ್ಲೇ ಉಳಿಸಿ, ಸ್ವರಚಿಹ್ನೆ ಮತ್ತು ವಿರಾಮವನ್ನೂ ಬಿಡಿಬಿಡಿಯಾಗಿ ಎಣಿಸಲಾಗುತ್ತದೆಂದು ಈ ಎರಡು ಪದಗಳ ಉದಾಹರಣೆಯೊಡನೆ ವಿವರಣೆಯಲ್ಲಿ ಬರೆದೆ. ಆ್ಯಪ್ ಬರೆಯುವವರು ಪಠ್ಯಪೆಟ್ಟಿಗೆಗೆ ಮಿತಿ ಹಾಕುವಾಗ ಇದು ಅವರಿಗೆ ಬೇಕೇ ಬೇಕು.

ದೋಷ ಸಂದೇಶಗಳೂ ದಾಖಲೆಯ ಭಾಗವೇ. ಬಳಕೆದಾರರು ಮೊದಲು ಓದುವುದು ಅವನ್ನೇ. ಪೈಡ್ಯಾಂಟಿಕ್ ಪ್ರತಿ ದೋಷಕ್ಕೂ ಒಂದು ಬಗೆಯ ಹೆಸರನ್ನೂ, ದೋಷ ಎಲ್ಲಿದೆಯೆಂಬ ವಿವರವನ್ನೂ, ಮೀರಿದ ಮಿತಿಯನ್ನೂ ಕೊಡುತ್ತದೆ. ಆ ಬಗೆಯ ಹೆಸರಿಗೆ ಸರಿಯಾಗಿ ಕನ್ನಡ ವಾಕ್ಯಗಳ ಕೋಷ್ಟಕ ಒಂದನ್ನು ಮಾಡಿ, ತಪಾಸಣೆಯ ದೋಷಗಳನ್ನು ಹಿಡಿಯುವ ಹ್ಯಾಂಡ್ಲರ್ ಮೂಲಕ ‘ಹುಡುಕುವ ಪದದಲ್ಲಿ ಕನಿಷ್ಠ 2 ಸಂಕೇತಗಳಿರಬೇಕು’ ಎಂಬಂತಹ ಉತ್ತರ ಹೋಗುವಂತೆ ಮಾಡಿದೆ. ಆದರೆ ಉತ್ತರ ಬದಲಾದರೆ ಸ್ಕೀಮಾ ತಾನಾಗಿ ಬದಲಾಗುವುದಿಲ್ಲ. 422ಕ್ಕೆ ನಮ್ಮದೇ ಮಾದರಿಯನ್ನು ರೂಟರಿನ (ಎಂಡ್‌ಪಾಯಿಂಟುಗಳ ಗುಂಪಿನ) ‘ರೆಸ್ಪಾನ್ಸಸ್’ ಆಯ್ಕೆಯಲ್ಲಿ ಘೋಷಿಸಿದಾಗ ಮಾತ್ರ ಮೂಲ ಇಂಗ್ಲಿಷ್ ಮಾದರಿ ದಾಖಲೆಯಿಂದ ಮರೆಯಾಗುತ್ತದೆ. ಪುಸ್ತಕ ಸಿಗಲಿಲ್ಲವೆಂದು ಫಂಕ್ಷನ್ ಒಳಗಿನಿಂದ ಎಸೆಯುವ 404ರ ಕಥೆಯೂ ಇದೇ: ಫಾಸ್ಟ್‌ಎಪಿಐ ಘೋಷಣೆಗಳನ್ನು ಓದುತ್ತದೆ, ಫಂಕ್ಷನ್‌ನ ಒಡಲನ್ನು ಓದುವುದಿಲ್ಲ.

ಪ್ರತಿ ಎಂಡ್‌ಪಾಯಿಂಟಿನ ದೀರ್ಘ ವಿವರಣೆಯನ್ನು ಫಂಕ್ಷನ್‌ನ ಡಾಕ್‌ಸ್ಟ್ರಿಂಗಿನಲ್ಲಿ (ಕೋಡಿನೊಳಗಿನ ವಿವರಣಾ ಪಠ್ಯದಲ್ಲಿ) ಬರೆದಿದ್ದೇನೆ. ಮಾರ್ಕ್‌ಡೌನ್ ಅಲ್ಲಿ ನಡೆಯುತ್ತದೆ. ಸ್ವ್ಯಾಗರ್ ಪುಟದ ಗುಂಡಿಗಳು ಇಂಗ್ಲಿಷಿನಲ್ಲಿಯೇ ಇರುವುದರಿಂದ, ‘ಟ್ರೈ ಇಟ್ ಔಟ್’ ಒತ್ತಿದರೆ ಪೆಟ್ಟಿಗೆಗಳು ತೆರೆದುಕೊಳ್ಳುತ್ತವೆ, ‘ಎಕ್ಸಿಕ್ಯೂಟ್’ ಒತ್ತಿದರೆ ನಿಜವಾದ ಕೋರಿಕೆ ಹೋಗುತ್ತದೆ ಎಂಬುದನ್ನು ಪುಟದ ಮೇಲ್ಭಾಗದ ಪರಿಚಯದಲ್ಲಿ ವಿವರಿಸಿದೆ. ಉದಾಹರಣೆಗಳಲ್ಲಿ ಅರ್ಥವಿಲ್ಲದ ಪದಗಳನ್ನು ತುಂಬದೆ, ಪಟ್ಟಿಯಲ್ಲಿ ನಿಜವಾಗಿ ಫಲಿತಾಂಶ ಕೊಡುವ ಪದಗಳನ್ನೇ ಇಟ್ಟಿದ್ದೇನೆ. ಓದುಗರು ಏನನ್ನೂ ತಿದ್ದದೆ ಗುಂಡಿ ಒತ್ತಿದರೂ ಪುಸ್ತಕಗಳು ಕಾಣಬೇಕು.

ವಾಚನಾಲಯದ ಒಳಗಿನ ಜಾಲದಲ್ಲಿ ಇಂಟರ್ನೆಟ್ ಸದಾ ಇರುವುದಿಲ್ಲ. ಸ್ವ್ಯಾಗರ್ ಮತ್ತು ರೀಡಾಕ್ ಪುಟಗಳ ಜಾವಾಸ್ಕ್ರಿಪ್ಟ್ ಹೊರಗಿನ ಸಿಡಿಎನ್‌ನಿಂದ (ಇಂಟರ್ನೆಟ್ಟಿನಲ್ಲಿ ಕಡತ ಹಂಚುವ ಸರ್ವರುಗಳಿಂದ) ಬರುವುದರಿಂದ, ಸಂಪರ್ಕವಿಲ್ಲದಾಗ ಎಪಿಐ ನಡೆದರೂ ದಾಖಲೆಯ ಪುಟ ಖಾಲಿಯಾಗಿ ನಿಲ್ಲುತ್ತದೆ. ಆ ಕಡತಗಳನ್ನು ಇಳಿಸಿ ನಮ್ಮದೇ ಸರ್ವರಿನ ಸ್ಟ್ಯಾಟಿಕ್ ಫೋಲ್ಡರಿನಲ್ಲಿಟ್ಟು, ಮೂಲ ದಾಖಲೆಯ ದಾರಿಯನ್ನು ಮುಚ್ಚಿ, ಸ್ವಂತ ಕಡತಗಳನ್ನು ತೋರಿಸುವ ಪುಟವನ್ನು ಅದೇ ವಿಳಾಸದಲ್ಲಿ ತೆರೆದೆ. ಮುಂದೆ ಕೋರಿಕೆಗಳನ್ನು ಹಾಯಿಸುವ ಎಂಜಿನ್‌ಎಕ್ಸ್ ಸರ್ವರ್ ಇದ್ದು, ಎಪಿಐ ಒಂದು ಉಪದಾರಿಯಲ್ಲಿ ಇರುವುದರಿಂದ ಆ ಉಪದಾರಿಯನ್ನು ‘ರೂಟ್ ಪಾತ್’ ಆಗಿ ಫಾಸ್ಟ್‌ಎಪಿಐಗೆ ತಿಳಿಸಬೇಕು. ಇಲ್ಲವಾದರೆ ಪುಟ ಸ್ಕೀಮಾವನ್ನು ತಪ್ಪು ವಿಳಾಸದಲ್ಲಿ ಹುಡುಕುತ್ತದೆ.

ಪರೀಕ್ಷೆಗಳು

ಸಾಮಾನ್ಯ ಪರೀಕ್ಷೆಗಳ ಜೊತೆ ದಾಖಲೆಗೂ ಪರೀಕ್ಷೆ ಬರೆದೆ. ಅದು ಸ್ಕೀಮಾವನ್ನು ಪೂರ್ತಿ ಓದಿ, ಪ್ರತಿ ಎಂಡ್‌ಪಾಯಿಂಟಿನ ಸಾರಾಂಶ, ಪ್ರತಿ ಫೀಲ್ಡಿನ ಶೀರ್ಷಿಕೆ ಮತ್ತು ವಿವರಣೆಯಲ್ಲಿ ಕನ್ನಡ ಅಕ್ಷರಗಳಿವೆಯೇ ಎಂದು ನೋಡುತ್ತದೆ. ಯಾವುದಾದರೂ ಬಿಟ್ಟುಹೋಗಿದ್ದರೆ ಪರೀಕ್ಷೆ ವಿಫಲವಾಗುತ್ತದೆ. ದಾಖಲೆಯಲ್ಲಿ ಕೊಟ್ಟ ಉದಾಹರಣೆಗಳನ್ನೇ ಎತ್ತಿಕೊಂಡು ಕೋರಿಕೆ ಕಳುಹಿಸಿ ಉತ್ತರ ಖಾಲಿಯಲ್ಲವೆಂದು ಖಚಿತಪಡಿಸುವ ಪರೀಕ್ಷೆ ಇನ್ನೊಂದು. ‘ಬರ’ ಎಂಬ ಹುಡುಕಾಟಕ್ಕೆ ಕಾದಂಬರಿಗಳು ಬರಬಾರದು ಎಂಬುದಕ್ಕೂ, ‘ಬಳಗ’ವು ‘ಬಸವ’ದ ನಂತರ ಬರಬೇಕು ಎಂಬುದಕ್ಕೂ ಒಂದೊಂದು ಪರೀಕ್ಷೆಯಿದೆ.

ಸ್ಕೀಮಾದ ಒಂದು ಪ್ರತಿಯನ್ನು ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಇಟ್ಟಿದ್ದೇನೆ, ಬದಲಾವಣೆಯಾದಾಗ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣಲೆಂದು. ಅದನ್ನು ಬರೆದಿಡುವ ಸ್ಕ್ರಿಪ್ಟಿನಲ್ಲಿ ‘ಎನ್ಶೂರ್ ಆಸ್ಕಿ’ ಆಯ್ಕೆಯನ್ನು ಆಫ್ ಮಾಡಬೇಕು. ಫಾಸ್ಟ್‌ಎಪಿಐ ಉತ್ತರಗಳಲ್ಲಿ ಕನ್ನಡ ಹಾಗೆಯೇ ಹೋಗುತ್ತದಾದರೂ, ಪೈಥಾನಿನ ಜೇಸನ್ ಮಾಡ್ಯೂಲ್ ತನ್ನಷ್ಟಕ್ಕೆ ಬಿಟ್ಟರೆ ಪ್ರತಿ ಕನ್ನಡ ಅಕ್ಷರವನ್ನೂ ಸಂಕೇತಸಂಖ್ಯೆಯಾಗಿ ಬರೆಯುತ್ತದೆ, ಆಗ ಏನು ಬದಲಾಯಿತೆಂದು ಮನುಷ್ಯರಿಗೆ ಓದಲಾಗುವುದಿಲ್ಲ. ಈಗ ಯಾವ ವಾಕ್ಯ ಬದಲಾಯಿತೆಂಬುದನ್ನು ಶಿಕ್ಷಕರೇ ನೋಡಿ ತಿದ್ದುಪಡಿ ಸೂಚಿಸುತ್ತಿದ್ದಾರೆ. ಲೇಖಕರ ಪರ್ಯಾಯ ಹೆಸರುಗಳ ಫೀಲ್ಡಿನ ಈಗಿನ ವಿವರಣೆ ಅವರೇ ಬರೆದುಕೊಟ್ಟದ್ದು.

ಎರವಲು ನೀಡುವ ವಿಭಾಗ ಬಾಕಿಯಿದೆ. ಅದಕ್ಕೆ ಲಾಗಿನ್ ಬೇಕಾದ್ದರಿಂದ ಬೇರೆ ರೂಟರ್ ಆಗಿ, ಸಾರ್ವಜನಿಕ ದಾಖಲೆಯ ಪುಟದಲ್ಲಿ ಕಾಣದಂತೆ ಕಟ್ಟಬೇಕಾಗಿದೆ. ಅದರ ಮಾದರಿಗಳನ್ನೂ ದೋಷ ಸಂದೇಶಗಳನ್ನೂ ಸ್ವಯಂಸೇವಕರ ಜೊತೆ ಕೂತು ಬರೆಯುತ್ತಿದ್ದೇವೆ.